ಅಪ್‌ಡೇಟ್: ವಿಂಡ್‌ಸರ್ಫಿಂಗ್ ಕಲಿಯುವವರು ಹಾಯಿ ಎತ್ತುವಾಗಲೇ ಬೀಳುತ್ತಿದ್ದ ಬಗ್ಗೆ

ವಿಂಡ್‌ಸರ್ಫಿಂಗ್ (ಹಾಯಿ ಹೂಡಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ) ಬೋಧಕನಾಗಲು ತರಬೇತಿ ಪಡೆಯುತ್ತಿರುವ ನಾನು, ಹೊಸಬರು ನೀರಿನಲ್ಲಿ ಬಿದ್ದ ಹಾಯಿಯನ್ನು ಹಗ್ಗ ಹಿಡಿದು ಎತ್ತುವಷ್ಟರಲ್ಲೇ ಸೋತುಹೋಗುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೆ. ಹಾಯಿಯನ್ನು ಚಿಕ್ಕದಾಗಿಸಿ, ಮೊದಲು ನೆಲದ ಮೇಲೆ ಅಭ್ಯಾಸ ಮಾಡಿಸಿ ಎಂಬ ನಿಮ್ಮ ಸಲಹೆ ಫಲ ಕೊಟ್ಟಿದೆ.

ಈಗ ವಯಸ್ಕರಿಗೂ ಸುಮಾರು 3 ಚದರ ಮೀಟರಿನ ಹಾಯಿಯನ್ನೂ ಘನಗಾತ್ರ 200 ಲೀಟರಿನ ಆಸುಪಾಸಿರುವ ಅಗಲವಾದ ಬೋರ್ಡನ್ನೂ ಕೊಟ್ಟು, ಗಾಳಿಯ ವೇಗ 6ರಿಂದ 10 ನಾಟ್, ಎಂದರೆ ಗಂಟೆಗೆ ಸುಮಾರು 11ರಿಂದ 18 ಕಿಲೋಮೀಟರ್ ಇದ್ದಾಗ ಮಾತ್ರ ನೀರಿಗಿಳಿಸುತ್ತೇನೆ. ದಡದಿಂದ ನೀರಿನ ಕಡೆಗೆ ಬೀಸುವ ಗಾಳಿಯಿದ್ದರೆ ಪಾಠವೇ ಇಲ್ಲ. ಕಲಿಯುವವರನ್ನು ಅದು ದೂರಕ್ಕೆ ಒಯ್ಯುತ್ತದೆ.

ಆದರೆ ನನ್ನ ದೊಡ್ಡ ತಪ್ಪು ಬೇರೆಡೆ ಇತ್ತು. ತೋಳಿನ ಬಲದಿಂದ ಎಳೆಯುವುದನ್ನು ನಾನು ತಡೆಯುತ್ತಲೇ ಇರಲಿಲ್ಲ. ಬೆನ್ನನ್ನು ನೆಟ್ಟಗಿಟ್ಟು, ಮೊಣಕಾಲು ಬಗ್ಗಿಸಿ, ದೇಹದ ಭಾರವನ್ನೇ ಹಿಂದಕ್ಕೆ ವಾಲಿಸಿ ಕಾದರೆ, ಹಾಯಿಯ ಮೇಲೆ ನಿಂತ ನೀರು ಜಾರಿ, ಅದು ನಿಧಾನವಾಗಿ ಮೇಲೇಳುತ್ತದೆ. ಹಾಯಿ ನೀರಿನಿಂದ ಬಿಡಿಸಿಕೊಂಡ ಕ್ಷಣದಲ್ಲಿ ಭಾರ ತಟ್ಟನೆ ಇಳಿಯುವುದರಿಂದಲೇ ಹೆಚ್ಚಿನವರು ಹಿಮ್ಮುಖವಾಗಿ ಬೀಳುತ್ತಾರೆ. ಆಗ ವಾಲುವುದನ್ನು ಬಿಟ್ಟು ನೇರವಾಗಿ ನಿಲ್ಲಬೇಕೆಂದು ಮೊದಲೇ ಹೇಳಿಕೊಡುತ್ತೇನೆ.

ಕಳೆದ ವಾರ ಒಬ್ಬ ಹಿರಿಯ ಮಹಿಳೆ ಹಾಯಿಯನ್ನೆತ್ತಿ, ಬೋರ್ಡನ್ನು ಗಾಳಿಗೆ ಅಡ್ಡವಾಗಿಟ್ಟುಕೊಂಡು, ಪಟಪಟನೆ ಬಡಿಯುತ್ತಿದ್ದ ಹಾಯಿಯ ಮುಂದೆ ಒಂದು ನಿಮಿಷ ಸುಮ್ಮನೆ ನಿಂತರು. ಗಾಳಿ ಬೆನ್ನಿಗೆ ತಾಗುತ್ತಿದೆ ಎಂದು ಅವರೇ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹಾಯಿಯ ಕಂಬವನ್ನು ಹಿಂದಕ್ಕೆ ವಾಲಿಸಿದರೆ ಬೋರ್ಡು ಗಾಳಿಯತ್ತ, ಮುಂದಕ್ಕೆ ವಾಲಿಸಿದರೆ ಗಾಳಿಯಿಂದಾಚೆಗೆ ತಿರುಗುತ್ತದೆ ಎಂಬ ಪಾಠವನ್ನು ಅವರಿಗೆ ಮುಂದಿನ ವಾರ ಆರಂಭಿಸಲಿದ್ದೇನೆ.