ತವರಿನವರಿಗೆ ಮುಂಬೈ ತೋರಿಸಬೇಕು, ಕೈಯಲ್ಲಿ 4000 ಇದೆ

ಪ್ರಶ್ನೆ (ಡೊಂಬಿವಲಿಯಿಂದ):
ಅಣ್ಣಾ, ನಮಸ್ಕಾರ. ನೀವು ಗೈಡ್ ಅಂತ ಗೊತ್ತಾಗಿ ಕೇಳುತ್ತಿದ್ದೇನೆ. ಶನಿವಾರ ಗದಗಿನಿಂದ ತಮ್ಮ, ಅವನ ಹೆಂಡತಿ, ಇಬ್ಬರು ಮಕ್ಕಳು (13, 9), ಜೊತೆಗೆ ಅವ್ವ ಬರುತ್ತಿದ್ದಾರೆ. ತಿರುಗಾಡಲು ಭಾನುವಾರ, ಸೋಮವಾರ ಎರಡೇ ದಿನ. ಉಳಿಯೋದು ನಮ್ಮ ಮನೆಯಲ್ಲೇ. ಮದುವೆಯಾಗಿ ಬಂದು ಎಂಟು ತಿಂಗಳಾಯಿತು, ನಾನೇ ದಾದರ್ ದಾಟಿ ಹೋಗಿಲ್ಲ. ಅವ್ವನಿಗೆ ಮಂಡಿನೋವು ಬೇರೆ. ಮುಂಬೈ ದರ್ಶನ ಬಸ್ಸಿಗೆ ಕೂತುಬಿಡೋದಾ?

ಉತ್ತರ:
ತಂಗಿ, 4000 ಸಾಕು. ಈ ಊರಲ್ಲಿ ನೋಡೋ ಜಾಗಗಳಿಗೆ ದುಡ್ಡು ಹೋಗೋದು ಕಡಿಮೆ. ಹೊತ್ತು ತಪ್ಪಿ ಹೊರಟು, ಸುಸ್ತಾಗಿ ಟ್ಯಾಕ್ಸಿ ಹಿಡಿಯುವುದಕ್ಕೇ ಜಾಸ್ತಿ ಹೋಗುತ್ತದೆ. ದರ್ಶನ ಬಸ್ಸು ಬೇಡ. ಅರ್ಧ ಊರನ್ನು ಕಿಟಕಿಯಲ್ಲೇ ತೋರಿಸುತ್ತಾರೆ. ಯಾವುದೋ ನಟನ ಬಂಗಲೆಯ ಗೇಟು ನೋಡಲು ಗದಗಿನಿಂದ ಬರಬೇಕಾ?

ದೊಡ್ಡ ಖರ್ಚು ಒಂದೇ ಕಡೆ ಮಾಡಿ, ಎಲಿಫೆಂಟಾ ದ್ವೀಪದ ಗುಹೆಗಳಿಗೆ. ಸೋಮವಾರ ಗುಹೆ ಮುಚ್ಚಿರುತ್ತದೆ, ಹಾಗಾಗಿ ಭಾನುವಾರವೇ ಹೋಗಿ. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿ, ಸುಮಾರು ಒಂದು ಗಂಟೆ. ಹೋಗಿಬರಲು ಒಬ್ಬರಿಗೆ 260ರ ಆಸುಪಾಸು. ಗುಹೆಗೆ 40 ರೂಪಾಯಿ, 15ರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಮಂಡಿನೋವಿನ ಅಮ್ಮನನ್ನು ಬಿಟ್ಟು ನೀವು ಐದು ಜನಕ್ಕೆ ಹತ್ತಿರ ಹತ್ತಿರ 1500 ಅಲ್ಲೇ ಆಗುತ್ತದೆ. ಆಗಲಿ ಬಿಡಿ.

ಬಾದಾಮಿ ನೋಡಿದ ಮಕ್ಕಳಾದರೆ ಒಳಗೆ ಕಾಲಿಟ್ಟ ಕೂಡಲೇ ಗುರುತು ಹಿಡಿಯುತ್ತಾರೆ, ಅದೇ ಬಗೆಯ ಕಲ್ಲು ಕೊರೆದ ಕಂಬಗಳು. ಮೂರು ಮುಖದ ಸದಾಶಿವನ ಎದುರು ಐದು ನಿಮಿಷ ಸುಮ್ನೆ ನಿಲ್ಲಿಸಿ. ಹೊರಗಿನ ಬಿಸಿಲಿಂದ ಬಂದವರಿಗೆ ಮೊದಲು ಕತ್ತಲೆಯೇ ಕಾಣುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ನಡುವಿನ ಮುಖ, ಆಮೇಲೆ ಒಂದು ಕಡೆ ಮೀಸೆಯ ಸಿಟ್ಟಿನ ಮುಖ, ಇನ್ನೊಂದು ಕಡೆ ಹೆಣ್ಣಿನಂಥ ಮೃದು ಮುಖ. ಫೋಟೋ ಆಮೇಲೆ ತೆಗೆಯಲಿ. ದ್ವೀಪದ ನಿಜವಾದ ಹೆಸರು ಘಾರಾಪುರಿ. ಐಹೊಳೆ ಶಾಸನದಲ್ಲಿ ಪುಲಕೇಶಿ ಹಡಗು ಕಟ್ಟಿಕೊಂಡು ಗೆದ್ದ ‘ಪುರಿ’ ಇದೇ ಅನ್ನುವವರಿದ್ದಾರೆ, ಅಲ್ಲ ಅನ್ನುವವರೂ ಇದ್ದಾರೆ. ಅಲ್ಲಿ ತಿಂಡಿಯನ್ನು ಕೈಯಲ್ಲಿ ಹಿಡಿದು ನಡೆಯಬೇಡಿ, ಮಂಗಗಳು ಬಿಡುವುದಿಲ್ಲ.

ಭಾನುವಾರ ಲೋಕಲ್‌ಗೆ ಮೆಗಾಬ್ಲಾಕ್ ಇರುತ್ತದೆ, ಅಂದರೆ ಹಳಿ ಕೆಲಸಕ್ಕಾಗಿ ರೈಲು ಕಡಿಮೆ, ತಡ. ನಿಮ್ಮ ಲೈನಿನಲ್ಲಿ ಹೆಚ್ಚಾಗಿ ಮಾಟುಂಗಾ–ಮುಲುಂಡ್ ನಡುವೆ, 11ರ ಸುಮಾರಿಗೆ ಶುರು. ಬೆಳಿಗ್ಗೆ ಏಳೂವರೆಗೆ ಡೊಂಬಿವಲಿ ಬಿಡಿ. 75 ರೂಪಾಯಿಯ ಟೂರಿಸ್ಟ್ ಪಾಸ್ ತಗೋಬೇಡಿ, ನಿಮಗೆ ಮಾಮೂಲಿ ರಿಟರ್ನ್ ಟಿಕೆಟ್ಟೇ ಅಗ್ಗ. ಮತ್ತೆ, ಡಬ್ಬಿ ನೋಡಿ ಹತ್ತಿ. ಹೊರಗೆ ಓರೆ ಪಟ್ಟೆ ಬಳಿದದ್ದು ಫಸ್ಟ್ ಕ್ಲಾಸೂ ಇರಬಹುದು, ಲೇಡೀಸೂ ಇರಬಹುದು. ಹೋದ ವರ್ಷ ನನ್ನ ಜೊತೆ ಬರಬೇಕಿದ್ದ ಒಂದು ಕುಟುಂಬ ‘ಇದು ಖಾಲಿ ಇದೆ’ ಅಂತ ಫಸ್ಟ್ ಕ್ಲಾಸ್ ಹತ್ತಿತು. ತಲೆಗೆ 250 ದಂಡ, ಮೇಲೆ ಟಿಕೆಟ್ ಹಣ. ನನ್ನ ಫೀಸಿಗಿಂತ ಅದೇ ಜಾಸ್ತಿಯಾಯಿತು!

ಪ್ರಶ್ನೆ:
ಅವ್ವ ‘ಗುಹೆಗೆ ನಾನೂ ಬರತೀನಿ’ ಅಂತ ಹಟ ಹಿಡಿದಿದ್ದಾಳೆ ಅಣ್ಣಾ. ಪುಟ್ಟ ರೈಲು ಇದೆಯಂತಲ್ಲ?

ಉತ್ತರ:
ಆ ರೈಲು ದೋಣಿ ನಿಲ್ಲುವಲ್ಲಿಂದ ಮೆಟ್ಟಿಲ ಬುಡದವರೆಗೆ ಮಾತ್ರ. ಮೇಲೆ 120 ಮೆಟ್ಟಿಲು. ಹೊತ್ತೊಯ್ಯುವ ಕುರ್ಚಿ ಸಿಗುತ್ತದೆ, ಆದರೆ ಅದರ ದುಡ್ಡಿಗೆ ನಿಮ್ಮ ಲೆಕ್ಕವೇ ತಲೆಕೆಳಗಾಗುತ್ತದೆ. ಅಮ್ಮನಿಗೆ ಸೋಮವಾರ ಇಡೀ ಮೀಸಲಿಡಿ.

ಅವತ್ತು 11ರ ಮೇಲೆ ಹೊರಡಿ, ಆಫೀಸಿನ ಗರ್ದಿಯಲ್ಲಿ ಅವರನ್ನು ನುಗ್ಗಿಸಬೇಡಿ. ನಿಮ್ಮ ಲೈನಿನ ಕೊನೆಯ ಸ್ಟೇಷನ್, ಹಳೇ ವಿಟಿ, ಅಂದರೆ ಸಿಎಸ್‌ಎಂಟಿಯಲ್ಲಿ ಇಳಿದವರೇ ಓಡಬೇಡಿ. ರಸ್ತೆಯ ಆಚೆ ನಿಂತು ತಿರುಗಿ ನೋಡಿ. 1887ರ ಕಟ್ಟಡ, ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹ ಇಂಗ್ಲೆಂಡು, ಹುಲಿ ನಾವು. ಮಕ್ಕಳಿಗೆ ಹುಡುಕಲು ಹೇಳಿ. ಅಲ್ಲಿಂದ ಡಿ.ಎನ್. ರಸ್ತೆಯ ಕಮಾನುಗಳ ನೆರಳಲ್ಲೇ ಫ್ಲೋರಾ ಫೌಂಟನ್, ಕಾಲಾ ಘೋಡಾ, ಜಹಾಂಗೀರ್ ಗ್ಯಾಲರಿ. ಗ್ಯಾಲರಿಗೆ ಟಿಕೆಟ್ ಇಲ್ಲ. ಪಕ್ಕದ ದೊಡ್ಡ ಮ್ಯೂಸಿಯಂ ಚೆನ್ನಾಗಿದೆ, ಆದರೆ ಟಿಕೆಟ್ ನೂರು ದಾಟಿದೆ, ಅರ್ಧ ದಿನವೂ ಬೇಕು. ಈ ಸಲ ಬಿಡಿ. ನಿಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ನಡೆಯಲಿ, ನೀವು ಅಮ್ಮನನ್ನು ಕರೆದುಕೊಂಡು ಬೆಸ್ಟ್ (ಸಿಟಿ) ಬಸ್ ಹತ್ತಿ. ಮುಂದೆ ನಂಬರು ಮರಾಠಿ ಅಂಕಿಯಲ್ಲಿದ್ದರೆ ಹೆದರಬೇಡಿ, ಕಂಡಕ್ಟರನ್ನು ಕೇಳಿ.

ಸಂಜೆ ಮರೀನ್ ಡ್ರೈವ್. ಅಮ್ಮನಿಗೆ ಕಟ್ಟೆಯ ಮೇಲೆ ಕೂರಲು ಒಂದು ಟವೆಲ್ ಇಟ್ಟುಕೊಳ್ಳಿ, ಸಿಮೆಂಟು ಬಿಸಿಲಿಗೆ ಕಾದಿರುತ್ತದೆ. ಬೆನ್ನ ಹಿಂದಿನ ದುಂಡು ಮೂಲೆಯ ಹಳೇ ಕಟ್ಟಡಗಳೂ 2018ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಮಿರ್ಚಿ, ಗಿರ್ಮಿಟ್ ತಿಂದ ಗದಗಿನ ಬಾಯಿಗೆ ವಡಾಪಾವ್ ಸಪ್ಪೆ ಅನಿಸಬಹುದು, ಒಣ ಚಟ್ನಿ ಜಾಸ್ತಿ ಹಾಕಿಸಿ.

ಪ್ರಶ್ನೆ:
ಅವ್ವನಿಗೆ ಹೇಳಿದೆ. ‘ಸಮುದ್ರದ ಮುಂದ ಕೂಡೂದಾದ್ರ ಗುಹೆ ಬ್ಯಾಡ’ ಅಂದಳು. ವಾಪಸ್ ಎಷ್ಟಕ್ಕೆ ಹೊರಡಲಿ?

ಉತ್ತರ:
ಎಂಟೂವರೆ ಆದ ಮೇಲೆ. ಸಿಎಸ್‌ಎಂಟಿಗೇ ಬಂದು ಹತ್ತಿ, ರೈಲು ಅಲ್ಲಿಂದಲೇ ಹೊರಡೋದು, ಅಮ್ಮನಿಗೆ ಸೀಟು ಸಿಗುತ್ತದೆ. ದಾದರ್‌ನಲ್ಲಿ ಹತ್ತಿದರೆ ನಿಲ್ಲಲೂ ಜಾಗ ಇರೋದಿಲ್ಲ.