ಲವಂಗದ ಎಣ್ಣೆಯಿಂದ ಕಳೆ ಸಾಯುತ್ತದಾ? ಬಳಸಿದವರು ಹೇಳಿ

ಆಲೂರಿನಿಂದ ಪ್ರಶ್ನೆ: ಒಂದು ಎಕರೆ ಶುಂಠಿ ಹಾಕುತ್ತಿದ್ದೇವೆ. ಪಕ್ಕದಲ್ಲೇ ಸ್ವಲ್ಪ ಕಾಫಿ. ಕಳೆನಾಶಕ ಬೇಡ ಅಂತ ಮನೆಯವರೆಲ್ಲರ ತೀರ್ಮಾನ, ಕಳೆ ಕೀಳಲು ಆಳು ಸಿಗುವುದಿಲ್ಲ. ಲವಂಗದ ಎಣ್ಣೆ, ನಿಂಬೆಹುಲ್ಲಿನ ಎಣ್ಣೆ ಹೊಡೆದವರು ಇದ್ದೀರಾ?

ಮೂಡಿಗೆರೆ: ಸಾಯುತ್ತದೆ ಅಕ್ಕ, ಆದರೆ ಮೇಲಿನದು ಮಾತ್ರ. ನಮ್ಮ ಕಾಫಿ ನರ್ಸರಿಯಲ್ಲಿ ಓಡಾಡುವ ದಾರಿಗೆ ಲವಂಗದ ಎಣ್ಣೆ ಹೊಡೆಯುತ್ತೇವೆ. ಅದರಲ್ಲಿರುವ ಯೂಜಿನಾಲ್ ಎಲೆಯ ಜೀವಕೋಶಗಳ ಪೊರೆ ಒಡೆಯುತ್ತದೆ. ಒಳಗಿನ ನೀರೆಲ್ಲ ಸೋರಿ ಎಲೆ ಒಣಗುತ್ತದೆ. ಒಳ್ಳೆ ಬಿಸಿಲಿದ್ದರೆ ಸಂಜೆಯೊಳಗೆ ಸುಟ್ಟ ಹಾಗೆ ಕಾಣುತ್ತದೆ. ಬೇರಿಗೆ ಇಳಿಯುವುದಿಲ್ಲ. ಎರಡು ನಾಲ್ಕು ಎಲೆ ಇರುವಾಗ ಹೊಡೆದರೆ ನಾಯಿತುಳಸಿ, ಕಾಂಗ್ರೆಸ್ ಗಿಡ ಹೋಗಿಬಿಡುತ್ತವೆ. ಗರಿಕೆ, ಜೇಕು ಮತ್ತೆ ಚಿಗುರುತ್ತವೆ. ಜೇಕಿನ ಗಡ್ಡೆ ಮಣ್ಣೊಳಗೆ ಆರಾಮಾಗಿ ಇರುತ್ತದಲ್ಲ!

ಸುಮ್ನೆ ನೀರಿಗೆ ಸುರಿಯಬೇಡಿ. ಲವಂಗದ ಎಣ್ಣೆ ತಳಕ್ಕೆ ಹೋಗುತ್ತದೆ, ನಿಂಬೆಹುಲ್ಲಿನದು ತೇಲುತ್ತದೆ. ಬೇವಿನ ಎಣ್ಣೆಗೆ ಮಾಡುವ ಹಾಗೆ ಮೊದಲು ಸೋಪಿನ ನೀರಲ್ಲಿ ಚೆನ್ನಾಗಿ ಕಲಸಿ. ಬೆಳೆಗೆ ತಾಗಿದರೆ ಅದೂ ಸುಡುತ್ತದೆ, ಶುಂಠಿ ಅಂತ ಬಿಡುವುದಿಲ್ಲ.

ಬೇಲೂರು: ಖರ್ಚು ಯಾರೂ ಹೇಳುವುದಿಲ್ಲ ನೋಡಿ. ಶೇಕಡ 5ರ ದ್ರಾವಣ ಅಂದರೆ 16 ಲೀಟರ್ ಕ್ಯಾನಿಗೆ 800 ಮಿಲಿ ಎಣ್ಣೆ. ಅದಕ್ಕಿಂತ ತೆಳು ಮಾಡಿದರೆ ಎಲೆ ಬಾಡಿ ಮತ್ತೆ ಎದ್ದು ನಿಲ್ಲುತ್ತದೆ. ಎಕರೆ ಪೂರ್ತಿ ಎಲೆ ನೆನೆಯುವಂತೆ ಹೊಡೆಯಲು ಎಷ್ಟು ಕ್ಯಾನ್ ಬೇಕು, ನೀವೇ ಲೆಕ್ಕ ಹಾಕಿ. ಬೇಲಿಯ ನಿಂಬೆಹುಲ್ಲು ಕುದಿಸಿ ಹೊಡೆಯಿರಿ ಎನ್ನುವವರೂ ಇದ್ದಾರೆ. 100 ಕೆಜಿ ಹಸಿ ಹುಲ್ಲು ಭಟ್ಟಿ ಇಳಿಸಿದರೆ ಸಿಗುವ ಎಣ್ಣೆ ಅರ್ಧ ಕೆಜಿ ಆಸುಪಾಸು. ಒಂದು ಕ್ಯಾನಿಗೇ ಹೆಚ್ಚುಕಡಿಮೆ ಒಂದೂವರೆ ಕ್ವಿಂಟಾಲ್ ಹುಲ್ಲು ಬೇಕು! ಕುದಿಸಿದ ನೀರಲ್ಲಿ ಘಮ ಇರುತ್ತದೆ, ಅಷ್ಟೇ.

ಅರಕಲಗೂಡು: ಶುಂಠಿಗೆ ನನ್ನ ಮತ ಸೊಪ್ಪಿನ ಹೊದಿಕೆಗೇ. ನಾಟಿ ಮಾಡಿದ ಕೂಡಲೇ ದಪ್ಪಗೆ ಹಾಸಿ. ಶುಂಠಿ ಮೊಳಕೆ ಮೇಲೆ ಬರಲು ಕೆಲವು ವಾರ ಬೇಕು, ಕಳೆ ಅದಕ್ಕಿಂತ ಮೊದಲೇ ಬರುತ್ತದೆ. ಹೊದಿಕೆ ತೆಳುವಾದ ಕಡೆ, ಕಾಲುವೆಯಲ್ಲಿ ಆಗಲೇ ಎಣ್ಣೆ ಹೊಡೆದುಬಿಡಿ. ಶುಂಠಿ ಎದ್ದ ಮೇಲೆ ಪಾತಿಯೊಳಗೆ ಬೇಡ, ಕೈಯಲ್ಲೇ ಕೀಳಿಸಿ.

ಆಲೂರು: ಕಾಫಿ ಸಾಲಿಗೆ?

ಮೂಡಿಗೆರೆ: ಅಲ್ಲಿ ವೀಡ್ ಕಟ್ಟರ್ ಸಾಕು. ಇಳಿಜಾರಿನಲ್ಲಿ ನೆಲ ಬೋಳು ಮಾಡಿದರೆ ಮುಂಗಾರಿಗೆ ಮಣ್ಣು ಕೊಚ್ಚಿ ಹೋಗುತ್ತದೆ. ಎಣ್ಣೆ ತಂದರೆ ಕೈಗವಸು, ಕನ್ನಡಕ ಹಾಕಿಕೊಂಡೇ ಕಲಸಿ, ಚರ್ಮಕ್ಕೂ ಕಣ್ಣಿಗೂ ಜಾಸ್ತಿ ಉರಿ. ಕೆಲಸ ಮುಗಿದ ತಕ್ಷಣ ಪಂಪ್ ಸೋಪು ಹಾಕಿ ತೊಳೆಯಿರಿ, ರಬ್ಬರ್ ವಾಷರ್ ಬೇಗ ಹಾಳಾಗುತ್ತದೆ.