ಬ್ಲಾಸ್ಟ್ ಫರ್ನೇಸ್ ನಿಲ್ಲಿಸುವ ಮುನ್ನ ಯೂನಿಯನ್ ಏನು ಬರೆಸಿಕೊಳ್ಳಬೇಕು?

ಪ್ರಶ್ನೆ: ನಮ್ಮದು 600 ಕಾಯಂ ಕಾರ್ಮಿಕರಿರುವ ಉಕ್ಕಿನ ಕಾರ್ಖಾನೆ. ಹೊಗೆ, ಇಂಗಾಲ ತಗ್ಗಿಸಬೇಕು ಅಂತ ಬ್ಲಾಸ್ಟ್ ಫರ್ನೇಸ್ (ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆ) ನಿಲ್ಲಿಸಿ ಎಲೆಕ್ಟ್ರಿಕ್ ಆರ್ಕ್ ಫರ್ನೇಸ್ (ವಿದ್ಯುತ್ತಿನಿಂದ ಸ್ಕ್ರ್ಯಾಪ್, ಅಂದರೆ ಗುಜರಿ ಲೋಹ, ಕರಗಿಸುವ ಕುಲುಮೆ) ಹಾಕುವ ಮಾತು ನಡೆದಿದೆ. "ಯಾರನ್ನೂ ತೆಗೆಯಲ್ಲ, ವಿಆರ್‌ಎಸ್ (ಸ್ವಯಂ ನಿವೃತ್ತಿ) ಕೊಡ್ತೀವಿ" ಅಂತಿದ್ದಾರೆ. ನಾವು ಮೊದಲು ಏನು ಮಾಡಬೇಕು ಸರ್?

ಉತ್ತರ (ಕಾರ್ಮಿಕ ಕಾನೂನು ಸಲಹೆಗಾರ): ವಿಆರ್‌ಎಸ್ ಬಗ್ಗೆ ಎಚ್ಚರ. ಸ್ವಯಂ ನಿವೃತ್ತಿಯನ್ನು ಕಾನೂನು ರಿಟ್ರೆಂಚ್‌ಮೆಂಟ್ (ಮಾಲೀಕರೇ ಕೆಲಸದಿಂದ ತೆಗೆಯುವುದು) ಅಂತ ಪರಿಗಣಿಸುವುದಿಲ್ಲ. ಸಹಿ ಹಾಕಿದವರಿಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಪರಿಹಾರ, ಮರುಕೌಶಲ್ಯ ನಿಧಿ (ಹೊಸ ಕೆಲಸ ಕಲಿಯಲು ಕೊಡುವ ಹಣ), ಮರುನೇಮಕದ ಆದ್ಯತೆ ಯಾವುದೂ ಕಾನೂನಿನಿಂದ ಬರುವುದಿಲ್ಲ. ವಿಆರ್‌ಎಸ್ ಪತ್ರದಲ್ಲಿ ಬರೆದಿರುವಷ್ಟೇ ಸಿಗೋದು.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ರಿಟ್ರೆಂಚ್‌ಮೆಂಟ್‌ಗೂ ಮುಚ್ಚುವಿಕೆಗೂ ಸರ್ಕಾರದ ಪೂರ್ವಾನುಮತಿ ಬೇಕು. ಆದರೆ ಅರ್ಜಿ ಹಾಕಿ 60 ದಿನದೊಳಗೆ ಸರ್ಕಾರ ಉತ್ತರ ಕೊಡದಿದ್ದರೆ ಅನುಮತಿ ಸಿಕ್ಕಂತೆಯೇ. ಹಾಗಾಗಿ ಅರ್ಜಿಯ ಪ್ರತಿ ಕೈಗೆ ಸಿಕ್ಕ ದಿನವೇ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕೆಲಸ ಕಳೆಯುವಂಥ ಯಂತ್ರ ಬದಲಾವಣೆಗೆ 21 ದಿನದ ನೋಟಿಸ್ ಬೇರೆ ಬೇಕು. ನೋಟಿಸ್ ಇಲ್ಲದೆ ಯಂತ್ರ ಬದಲಿಸಿದರೆ ಅದೇ ನೀವು ವಿವಾದ ಎತ್ತಲು ಆಧಾರ.

ನನ್ನ ಪ್ರಕಾರ ಅಸಲು ಸಮಸ್ಯೆ ಹಳೇ ಫರ್ನೇಸ್ ಆರಿ ಹೊಸದು ಏಳುವ ನಡುವಿನ ಕಾಲ. ಬ್ರಿಟನ್ನಿನ ಪೋರ್ಟ್ ಟಾಲ್ಬಟ್‌ನಲ್ಲಿ ಟಾಟಾ ಸ್ಟೀಲ್ ತನ್ನ ಎರಡು ಬ್ಲಾಸ್ಟ್ ಫರ್ನೇಸ್‌ಗಳನ್ನು 2024ರ ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ ಆರಿಸಿತು. ಹೊಸ ಆರ್ಕ್ ಫರ್ನೇಸ್‌ನ ಕಟ್ಟಡ ಕೆಲಸ ಶುರುವಾದದ್ದೇ 2025ರ ಜುಲೈನಲ್ಲಿ. ನಮ್ಮ ಸಂಹಿತೆಯಲ್ಲಿ ಮರುನೇಮಕದ ಆದ್ಯತೆ ಒಂದೇ ವರ್ಷ! ಫರ್ನೇಸ್ ಏಳುವ ಹೊತ್ತಿಗೆ ಆ ಹಕ್ಕು ಮುಗಿದಿರುತ್ತದೆ. "ಹೊಸ ಘಟಕ ಚಾಲೂ ಆಗಿ ಒಂದು ವರ್ಷದವರೆಗೆ ಆದ್ಯತೆ" ಅಂತ ಬರೆಸಿ.

ತರಬೇತಿಯ ಲೆಕ್ಕವನ್ನೂ ನೋಡಿ. ಮರುಕೌಶಲ್ಯ ನಿಧಿಗೆ ಮಾಲೀಕರು ಕೊಡುವುದು ಒಬ್ಬರಿಗೆ 15 ದಿನದ ಸಂಬಳ. ತಿಂಗಳಿಗೆ 30,000 ರೂಪಾಯಿ ಇದ್ದರೆ ಸುಮಾರು 15,000. ಅದರಲ್ಲಿ ಯಾವ ಕೋರ್ಸ್ ಮುಗಿಯುತ್ತದೆ? ಪೋರ್ಟ್ ಟಾಲ್ಬಟ್ ಒಪ್ಪಂದದಲ್ಲಿ ತರಬೇತಿ ಆಯ್ದುಕೊಂಡವರಿಗೆ ಮೊದಲ ತಿಂಗಳು ಪೂರ್ಣ ಸಂಬಳ, ಮುಂದಿನ 11 ತಿಂಗಳು ವರ್ಷಕ್ಕೆ 27,000 ಪೌಂಡ್ ದರದ ಸಂಬಳ ಇತ್ತು. ಪೂರ್ತಿ ನ್ಯಾಯ ಅಂತ ಹೇಳೋಕಾಗಲ್ಲ, ಸುಮಾರು 2,500 ಉದ್ಯೋಗ ಹೋದವು. ಆದರೂ ಕೇಳಲು ಒಂದು ಅಳತೆ ಸಿಕ್ಕಿತು.

ಒಪ್ಪಂದವನ್ನು ಸಂಧಾನಾಧಿಕಾರಿಯ (ಕಾರ್ಮಿಕ ವಿವಾದ ಬಗೆಹರಿಸಲು ಸರ್ಕಾರ ನೇಮಿಸುವ ಅಧಿಕಾರಿ) ಮುಂದೆಯೇ ಮಾಡಿಕೊಳ್ಳಿ, ಹಳೇ ಕೈಗಾರಿಕಾ ವಿವಾದ ಕಾಯ್ದೆಯ ಮಾತಿನಲ್ಲಿ 12(3) ಒಪ್ಪಂದ. ಅದು ಯೂನಿಯನ್ ಸದಸ್ಯರಲ್ಲದವರಿಗೂ, ಮುಂದೆ ಸೇರುವವರಿಗೂ ಅನ್ವಯಿಸುತ್ತದೆ. ಖಾಸಗಿಯಾಗಿ ಮಾಡಿಕೊಂಡದ್ದು ಸಹಿ ಹಾಕಿದ ಎರಡು ಕಡೆಯವರಿಗೆ ಮಾತ್ರ.

ಪ್ರಶ್ನೆ: ಯಾವ ವಿಭಾಗದವರಿಗೆ ತರಬೇತಿ ಮೊದಲು ಕೇಳೋಣ?

ಉತ್ತರ (ಉಕ್ಕು ಘಟಕದ ಎಂಜಿನಿಯರ್): ಕೋಕ್ ಓವನ್ (ಕಲ್ಲಿದ್ದಲನ್ನು ಕೋಕ್ ಮಾಡುವ ಒಲೆ), ಸಿಂಟರ್ ಪ್ಲಾಂಟ್ (ಅದಿರಿನ ಪುಡಿಯನ್ನು ಗಟ್ಟಿ ಮಾಡುವ ಘಟಕ), ಬ್ಲಾಸ್ಟ್ ಫರ್ನೇಸ್, ಕನ್ವರ್ಟರ್ (ಕರಗಿದ ಕಬ್ಬಿಣವನ್ನು ಉಕ್ಕು ಮಾಡುವ ಪಾತ್ರೆ) ನಾಲ್ಕೂ ಹೋಗುತ್ತವೆ. ಕಾಸ್ಟರ್ (ಕರಗಿದ ಉಕ್ಕನ್ನು ಎರಕ ಹೊಯ್ಯುವ ಯಂತ್ರ), ರೋಲಿಂಗ್ ಮಿಲ್ ಉಳಿಯುತ್ತವೆ. ಕನ್ವರ್ಟರ್, ಲ್ಯಾಡಲ್ (ಕರಗಿದ ಉಕ್ಕು ಸಾಗಿಸುವ ದೊಡ್ಡ ಪಾತ್ರೆ) ಕಡೆಯವರು ಆರ್ಕ್ ಫರ್ನೇಸ್‌ಗೆ ಬೇಗ ಹೊಂದಿಕೊಳ್ಳುತ್ತಾರೆ. ಕಷ್ಟ ಕೋಕ್ ಓವನ್‌ನವರಿಗೆ, ಅವರನ್ನು ಮೊದಲು ತರಬೇತಿಗೆ ಕಳಿಸಿ. ಟ್ರಾನ್ಸ್‌ಫಾರ್ಮರ್, ಹೈಡ್ರಾಲಿಕ್ಸ್, ಎಲೆಕ್ಟ್ರೋಡ್ (ಫರ್ನೇಸ್‌ಗೆ ವಿದ್ಯುತ್ ಹಾಯಿಸುವ ಕಡ್ಡಿ) ಜೋಡಣೆ, ಸ್ಕ್ರ್ಯಾಪ್ ಯಾರ್ಡ್ ವಿಂಗಡಣೆ ಕಲಿಸಬೇಕು. ಸ್ಕ್ರ್ಯಾಪ್ ಕೆಲಸವನ್ನು ಹಗುರ ಅನ್ಕೋಬೇಡಿ: ಒದ್ದೆ ಸ್ಕ್ರ್ಯಾಪ್ ಅಥವಾ ಮುಚ್ಚಿದ ಸಿಲಿಂಡರ್ ಒಳಗೆ ಬಿದ್ದರೆ ಫರ್ನೇಸ್‌ನಲ್ಲೇ ಸ್ಫೋಟ.

ಪ್ರಶ್ನೆ: ಸರ್, ನಾವು ಗುತ್ತಿಗೆಯವರು. ಯೂನಿಯನ್ ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲ.

ಉತ್ತರ (ಕಾರ್ಮಿಕ ಕಾನೂನು ಸಲಹೆಗಾರ): ಗುತ್ತಿಗೆದಾರ ಬದಲಾದಾಗಲೆಲ್ಲ ನಿಮ್ಮ ಸೇವೆ ಹೊಸದಾಗಿ ಶುರುವಾದಂತೆ ತೋರಿಸುತ್ತಾರೆ, ಪೆಟ್ಟು ಬೀಳೋದು ಅಲ್ಲೇ. ಗೇಟ್ ಪಾಸ್, ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡ್, ಸಂಬಳದ ಚೀಟಿ ಈಗಲೇ ಜೋಡಿಸಿಡಿ. ಕೇಳಿದರೆ ಗುತ್ತಿಗೆದಾರ ಅನುಭವ ಪ್ರಮಾಣಪತ್ರ ಕೊಡಲೇಬೇಕು. ಅವನು ಸಂಬಳ ಬಾಕಿ ಉಳಿಸಿದರೆ ಮೂಲ ಮಾಲೀಕರೇ (ಕಾರ್ಖಾನೆಯವರು) ಕಟ್ಟಿಕೊಡಬೇಕು. ಕಾಯಂ ಯೂನಿಯನ್‌ನವರು ತಮ್ಮ ಬೇಡಿಕೆ ಪಟ್ಟಿಗೆ ನಿಮ್ಮ ಹೆಸರು, ಸೇರಿದ ದಿನಾಂಕಗಳನ್ನು ಅನುಬಂಧವಾಗಿ ಸೇರಿಸಲಿ. ಮಾತುಕತೆ ಶುರುವಾದ ಮೇಲೆ ಸೇರಿಸುವುದು ಬಹಳ ಕಷ್ಟ.